ಅಂಕಣಕ್ಕೆ ಬಾರದ ತೊಟ್ಟಿ

ತುಮಕೂರಿನ ಹಳೆಯ ಪೇಟೆಯ ಓಣಿಯೊಂದರಲ್ಲಿ, ಬಡಗಿಗಳೂ ಗಾರೆಯವರೂ ಎರಡು ವರ್ಷ ಸಾವಧಾನವಾಗಿ ದುಡಿದು ಪೂರ್ವದ ಸೌಷ್ಠವಕ್ಕೆ ಮರಳಿಸಿರುವ ತೊಟ್ಟಿಯ ಮನೆಯೊಂದು ವಿಕ್ರಯಕ್ಕೆ ಬಂದಿದೆಯೆಂದು ತಿಳಿದು, ಕೊಳ್ಳುವ ಉದ್ದೇಶದಿಂದಲ್ಲ, ಅಂಥ ಮನೆಯೊಂದು ಇನ್ನೂ ನೆಟ್ಟಗೆ ನಿಂತಿದೆಯೆಂಬ ಸಂತೋಷವನ್ನು ಕಣ್ಣಾರೆ ಅನುಭವಿಸುವ ಆಸೆಯಿಂದ, ಕಳೆದ ಜ್ಯೇಷ್ಠಮಾಸದ ಒಂದು ಅಪರಾಹ್ನ ನಾನು ಅಲ್ಲಿಗೆ ಹೋಗಿದ್ದೆನು. ಬೀದಿಯಿಂದ ಎರಡು ಮೆಟ್ಟಿಲೇರಿದರೆ ಜಗಲಿ. ಜಗಲಿಯನ್ನು ದಾಟಿದರೆ ತಲೆಬಾಗದೆ ಒಳಹೋಗಲಾಗದಷ್ಟು ತಗ್ಗಾದ, ಆದರೆ ಎರಡು ಕೈ ಚಾಚಿದರೂ ಮುಟ್ಟಲಾಗದಷ್ಟು ಅಗಲವಾದ ಬಾಗಿಲುವಾಡ. ಅದರಾಚೆ ನಾಲ್ಕು ಕಡೆಯೂ ಕೈಸಾಲೆ, ಕಲ್ಲಿನ ಪೀಠದ ಮೇಲೆ ನಿಂತ ಮರದ ಕಂಬಗಳು, ಕಂಬದ ನೆತ್ತಿಯಲ್ಲಿ ಬಾಳೆಮೊಗ್ಗಿನಂತೆ ಇಳಿಬಿದ್ದ ಬೋದಿಗೆಗಳು. ಮತ್ತು ಇವೆಲ್ಲದರ ನಡುವೆ, ಆಕಾಶಕ್ಕೆ ತೆರೆದು, ಎರಡಡಿ ತಗ್ಗಿನಲ್ಲಿ ಕಲ್ಲುಚಪ್ಪಡಿ ಹಾಸಿಕೊಂಡು ಮಲಗಿದ್ದ ತೊಟ್ಟಿ.

ಮನೆಯನ್ನು ತೋರಿಸಲು ಬಂದಿದ್ದ ದಲ್ಲಾಳಿಗಳು ವಿನಯಶೀಲರು. “ಒಟ್ಟು ಹದಿನಾರು ಚದರ ಬರುತ್ತೆ ಸ್ವಾಮಿ. ತೊಟ್ಟಿ ಮೇಲೆ ಗಾಜು ಹಾಕಿಸಿಬಿಟ್ಟರೆ ಇನ್ನೂ ಒಂದು ಚದರ ಸಿಕ್ಕ ಹಾಗೇ” ಎಂದರು. ಆ ಮನೆಯಲ್ಲಿಯೇ ಹುಟ್ಟಿ, ಈಗ ಮಗನ ಮನೆಯಲ್ಲಿರುವ ವೃದ್ಧರೊಬ್ಬರು ನಮ್ಮೊಡನೆ ಬಂದಿದ್ದರು. ಅವರು ಕಂಬದಿಂದ ಕಂಬಕ್ಕೆ ಬೆರಳು ತೋರಿಸುತ್ತ ಮೆಲ್ಲನೆ ಎಣಿಸಿ, “ಹದಿನೆಂಟು ಅಂಕಣದ ಮನೆ ಇದು. ತೊಟ್ಟಿ ಯಾವತ್ತೂ ಲೆಕ್ಕಕ್ಕಿಲ್ಲಪ್ಪ” ಎಂದರು. ಒಂದೇ ಮನೆಗೆ ಹೇಳಿದ ಈ ಎರಡು ಲೆಕ್ಕಗಳ ನಡುವಿನ ಅಂತರವೇ ನಮ್ಮ ಸೀಮೆಯ ಗೃಹಚರಿತ್ರೆಯ ಬಹುಭಾಗವೆಂದು ನನಗೆ ಆ ಕ್ಷಣ ತೋರಿತು. ಅಂದಿನಿಂದ ಅದನ್ನೇ ಯೋಚಿಸುತ್ತಿದ್ದೇನೆ.

ಚದರವೆಂಬುದು ನೂರು ಚದರಡಿಯ ಮಾನ. ಅದು ಎಲ್ಲಿಯೂ ಒಂದೇ. ಅಂಕಣವಾದರೋ ಕಂಬಕ್ಕೂ ಕಂಬಕ್ಕೂ, ತೊಲೆಗೂ ತೊಲೆಗೂ ನಡುವೆ ಇರತಕ್ಕ ಅವಕಾಶದ ಹೆಸರು. ತೊಲೆಗೆ ದೊರೆತ ಮರ ಎಷ್ಟು ಉದ್ದವೋ ಅಂಕಣ ಅಷ್ಟು ವಿಶಾಲ. ಆದಕಾರಣ ಸಿರಿವಂತನ ಆರಂಕಣವೂ ಬಡವನ ಆರಂಕಣವೂ ಸಮನಾಗಿರಬೇಕೆಂಬ ನಿಯಮವಿರಲಿಲ್ಲ. ಆದರೂ “ಎಷ್ಟು ಅಂಕಣದ ಮನೆ?” ಎಂಬ ಒಂದು ಪ್ರಶ್ನೆಗೆ ಬರುವ ಉತ್ತರದಿಂದ, ಆ ಮನೆಯಲ್ಲಿ ಎಷ್ಟು ಜನ ಉಣ್ಣಬಹುದು, ಎಷ್ಟು ಮೂಟೆ ರಾಗಿಯನ್ನಿಡಬಹುದು, ಮದುವೆಯ ಬೀಗರನ್ನು ಎಲ್ಲಿ ಇಳಿಸಬಹುದು ಎಂಬುದನ್ನು ಹಿರಿಯರು ಊಹಿಸಿಬಿಡುತ್ತಿದ್ದರು. ದೇವಾಲಯದ ನವರಂಗಕ್ಕೂ ಇದೇ ಮಾತು: ಕಂಬಗಳ ನಡುವಣ ಒಂಬತ್ತು ಅಂಕಣಗಳು ಸೇರಿ ಅದು ನವರಂಗವಾಗುತ್ತದೆ. ತುಮಕೂರಿನಿಂದ ಗೂಳೂರಿನ ಕಡೆಗೆ ಹೋದರೆ ಸಿಕ್ಕುವ, ಜಕಣಾಚಾರಿಯ ಐತಿಹ್ಯದಿಂದ ಪ್ರಸಿದ್ಧವಾದ ಕೈದಾಳದ ಚೆನ್ನಕೇಶವನ ಗುಡಿಯಲ್ಲಿ ನಿಂತು ಮೇಲೆ ನೋಡಿದವರಿಗೆ, ಮನೆಯ ಬಡಗಿಯೂ ಗುಡಿಯ ಶಿಲ್ಪಿಯೂ ಒಂದೇ ವ್ಯಾಕರಣವನ್ನು ಕಲಿತವರೆಂಬುದು ಅರಿವಾಗದೆ ಇರದು. ಪತ್ರಿಕೆಯ ಪುಟವನ್ನು ಉದ್ದುದ್ದಕ್ಕೆ ಸೀಳಿದ ಭಾಗಕ್ಕೂ ನಾವು ಅಂಕಣವೆಂದೇ ಹೆಸರಿಟ್ಟುಕೊಂಡೆವು. ಬರೆಯುವವನಿಗೂ ವಾಸಕ್ಕೆ ಒಂದು ಎಡೆ ಬೇಕೆಂಬ ಭಾವ ಆ ಪದವನ್ನು ಆರಿಸಿದವರಲ್ಲಿ ಇದ್ದಿರಬೇಕೆಂದು ನಂಬಲು ನನಗೆ ಇಷ್ಟ.

ಮನೆ ಕಟ್ಟುವವನು ಅಂಕಣವನ್ನು ಮರ ಸಿಕ್ಕಿದಂತೆ ನಿಶ್ಚಯಿಸಿದರೂ, ಮನೆಯ ಒಟ್ಟು ಅಳತೆಯನ್ನು ಮನಬಂದಂತೆ ನಿಶ್ಚಯಿಸುವಂತಿರಲಿಲ್ಲ. ಉದ್ದ ಅಗಲಗಳನ್ನು ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಶೇಷದಿಂದ ಆಯವನ್ನು ತಿಳಿಯಬೇಕಾಗಿತ್ತು: ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಕಾಕ ಎಂಬ ಎಂಟರಲ್ಲಿ ಬೆಸಸಂಖ್ಯೆಯ ಧ್ವಜ, ಸಿಂಹ, ವೃಷಭ, ಗಜಗಳು ಶುಭ, ಉಳಿದವು ವರ್ಜ್ಯ. ಈ ಗಣಿತದಲ್ಲಿ ವಿಶ್ವಾಸವಿರಲಿ, ಇಲ್ಲದಿರಲಿ, ಅದರ ಫಲವಾಗಿ ಒಂದು ಬೀದಿಯ ಮನೆಗಳೆಲ್ಲಕ್ಕೂ ಒಂದು ಬಗೆಯ ಪ್ರಮಾಣಸಾಮ್ಯ ಬಂದಿತ್ತೆಂಬುದನ್ನು ಒಪ್ಪಬೇಕು.

ತುಮಕೂರಿನ ಈಗಿನ ಊರು ಮೈಸೂರು ರಾಜಮನೆತನದ ಕಾಂತೇ ಅರಸಿನವರಿಂದ ನೆಲೆಗೊಂಡಿತೆಂದು ಗೆಜೆಟಿಯರಿನಲ್ಲಿ ಹೇಳಿದೆ. 1831ರಲ್ಲಿ ಸಂಸ್ಥಾನದ ಆಡಳಿತವನ್ನು ಇಂಗ್ಲಿಷ್ ಕಮಿಷನರುಗಳು ವಹಿಸಿಕೊಂಡ ಮೇಲೆ, ಇಲ್ಲಿ ದೀರ್ಘಕಾಲ ಅಧಿಕಾರಿಯಾಗಿದ್ದ ಡಾಬ್ಸ್ ಎಂಬವನ ಕಾಲದಲ್ಲಿ ಊರು ವೃದ್ಧಿಗೆ ಬಂದಿತು. ಬೆಂಗಳೂರಿನ ಹಾದಿಯಲ್ಲಿರುವ ಡಾಬಸ್‌ಪೇಟೆ ಇಂದಿಗೂ ಆತನ ಹೆಸರನ್ನು ಹೊತ್ತಿದೆ. ಆದರೆ ಮನೆಗಳ ರೂಪವನ್ನು ಬದಲಾಯಿಸಿದ್ದು ಅಧಿಕಾರಿಗಳಿಗಿಂತ ಹೆಚ್ಚಾಗಿ ಉಗಿಬಂಡಿ. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಗುಬ್ಬಿ, ತಿಪಟೂರು, ಅರಸೀಕೆರೆಗಳನ್ನು ಹಾಯ್ದು ಅದು ಹರಿಹರವನ್ನು ಮುಟ್ಟಿದ್ದು 1889ರಲ್ಲಿ. ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು ಒಡೆದದ್ದು 1899ರಲ್ಲಿ. ಈ ಕೊನೆಯದು ಬಡಗಿಗೆ ಅತ್ಯಂತ ಮುಖ್ಯವಾದ ವರ್ಷ. ಏಕೆಂದರೆ ಅಲ್ಲಿಯವರೆಗೆ ಎತ್ತಿನ ಗಾಡಿಯಲ್ಲಿ ದಿನಗಟ್ಟಲೆ ತೆವಳಿ ಬರಬೇಕಾಗಿದ್ದ ಮಲೆನಾಡಿನ ತೇಗ, ಹೊನ್ನೆ, ಮತ್ತಿಗಳು ಇನ್ನು ಮೇಲೆ ರೈಲಿನ ಮೇಲೆ ಬರುವಂತಾಯಿತು. ತೊಲೆ ಉದ್ದವಾದಂತೆ ಅಂಕಣ ಅಗಲವಾಯಿತು. ಗಿಡ್ಡ ಕಂಬಗಳ ಕತ್ತಲೆಯ ನಡುಮನೆ ಗಾಳಿಯಾಡುವ ಹಜಾರವಾಯಿತು. ನಾನು ನೋಡಿದ ಮನೆಯಲ್ಲಿ ಈ ಎರಡು ಕಾಲಗಳೂ ಒಂದೇ ಸೂರಿನಡಿಯಲ್ಲಿ ಕಾಣುತ್ತವೆ: ಹಿತ್ತಿಲ ಕಡೆಯ ಅಂಕಣಗಳು ಕಿರಿದು, ಅಲ್ಲಿನ ಕಂಬಗಳು ಒರಟು, ಬೀದಿಯ ಕಡೆಯವು ವಿಶಾಲ, ಅಲ್ಲಿನ ಕಂಬಗಳು ಕಡೆದವು.

ಹೆಂಚಿನ ಕತೆಯೂ ಹೀಗೆಯೇ. ಊರ ಕುಂಬಾರ ತಿಗುರಿಯ ಮೇಲೆ ಕೊಳವೆಯಂತೆ ತಿರುವಿ, ಉದ್ದಕ್ಕೆ ಸೀಳಿ ಸುಟ್ಟ ನಾಡಹೆಂಚು ಮೊದಲಿನದು. ಅದನ್ನು ಪ್ರತಿವರ್ಷ ಮುಂಗಾರಿಗೆ ಮುನ್ನ ಕೈಯಾಡಿಸಬೇಕು. ಒಂದು ಕೋತಿಯ ಹಿಂಡು ಮಾಡಿನ ಮೇಲೆ ಹಾದುಹೋದರೆ ಆ ವರ್ಷದ ದುಡಿಮೆಯೆಲ್ಲ ವ್ಯರ್ಥ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ಆರಂಭಿಸಿದ ಕಾರ್ಖಾನೆಯ, ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಚಪ್ಪಟೆ ಹೆಂಚು ಕ್ರಮೇಣ ಘಟ್ಟದ ಮೇಲಕ್ಕೂ ಬಂದಿತು. ಅದು ಹಗುರ, ಭದ್ರ. ಅದಕ್ಕೆ ಬೇಕಾದ ಜಂತೆಯೂ ಕಡಿಮೆ. ಮಾಡು ಕಳಚಿ ಹೆಂಚನ್ನು ಬೋರಲು ಹಾಕಿದರೆ ಕಾರ್ಖಾನೆಯ ಮುದ್ರೆ ಇಂದಿಗೂ ಅಚ್ಚಳಿಯದೆ ಕಾಣುತ್ತದೆ.

ಗುಬ್ಬಿಯ ವಿಷಯವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಏಕೆಂದರೆ ಮನೆಯೂ ವ್ಯಾಪಾರವೂ ಅಷ್ಟು ನಿಕಟವಾಗಿ ಹೆಣೆದುಕೊಂಡ ಊರು ಈ ಸೀಮೆಯಲ್ಲಿ ಮತ್ತೊಂದಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ, 1513ರಲ್ಲಿ, ‘ಭಾವಚಿಂತಾರತ್ನ’ವನ್ನು ರಚಿಸಿದ ಮಲ್ಲಣಾರ್ಯ ಗುಬ್ಬಿಯವನು. ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಗುಬ್ಬಿಗೆ ಬಂದು, ಅಲ್ಲಿನ ಸಂತೆಯನ್ನೂ ವರ್ತಕರನ್ನೂ ಕಂಡು ಬರೆದಿದ್ದಾನೆ. 1837ರಲ್ಲಿ ವೆಸ್ಲಿಯನ್ ಮಿಶನ್ನಿನವರು ಈ ಪೇಟೆಯಲ್ಲಿ ನೆಲೆಯೂರಿದರು. ಅವರಲ್ಲೊಬ್ಬನಾದ ವಿಲಿಯಂ ಆರ್ಥರ್ 1847ರಲ್ಲಿ ಪ್ರಕಟಿಸಿದ ಮೈಸೂರಿನ ವೃತ್ತಾಂತದಲ್ಲಿ ಗುಬ್ಬಿಯೇ ಒಂದು ಮುಖ್ಯ ಪಾತ್ರ. ಅಡಕೆ, ಕೊಬ್ಬರಿಗಳ ಈ ವರ್ತಕರ ಮನೆಗಳಲ್ಲಿ ಬೀದಿಯ ಕಡೆಗೆ ಅಂಗಡಿ ಅಥವಾ ಮಂಡಿ, ಅದರ ಹಿಂದೆ ತೊಟ್ಟಿ, ತೊಟ್ಟಿಯ ಸುತ್ತ ಸಂಸಾರ, ಮತ್ತು ಸಂಸಾರದ ತಲೆಯ ಮೇಲೆ ಅಟ್ಟ.

ಈ ಅಟ್ಟವನ್ನು ಬರಿಯ ಸಾಮಾನು ತುಂಬುವ ಸ್ಥಳವೆಂದು ತಿಳಿದವರು ನಮ್ಮ ಸೀಮೆಯ ಮನೆಯನ್ನು ಅರ್ಧವೇ ತಿಳಿದವರು. ಉಂಡೆ ಕೊಬ್ಬರಿ ಸಿದ್ಧವಾಗುವುದು ಬಿಸಿಲಿನಲ್ಲಲ್ಲ, ಬೆಂಕಿಯಲ್ಲಲ್ಲ, ಕಾಲದಲ್ಲಿ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸುಲಿಯದೆ ಅಟ್ಟಕ್ಕೇರಿಸಿ, ಹೆಚ್ಚುಕಡಿಮೆ ಒಂದು ವರ್ಷ ಹಾಗೆಯೇ ಬಿಟ್ಟರೆ, ಒಳಗಿನ ನೀರು ತಾನಾಗಿ ಆರುತ್ತದೆ, ತಿರುಳು ಕರಟವನ್ನು ಬಿಟ್ಟುಕೊಳ್ಳುತ್ತದೆ. ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗೆ ಗಿಟುಕು ಸದ್ದುಮಾಡಿದರೆ ಅದು ಒಡೆಯಲು ಯೋಗ್ಯವಾಯಿತೆಂದು ಅರ್ಥ. ಇದಕ್ಕೆ ಬೇಕಾದದ್ದು ನೆರಳು, ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಹಾಯುವ ಗಾಳಿ, ಮತ್ತು ಅಡಿಗೆಮನೆಯ ಬೆಚ್ಚನೆಯ ಹೊಗೆ. ಅದಕ್ಕಾಗಿಯೇ ಅಟ್ಟದ ನೆಲವನ್ನು ಹಲಗೆಯಿಂದ ಮುಚ್ಚದೆ, ಅಡಕೆಯ ದಬ್ಬೆಗಳನ್ನು ಸಂದುಬಿಟ್ಟು ಹಾಸುತ್ತಿದ್ದರು. ತೊಟ್ಟಿಯಲ್ಲಿ ಕಾದ ಗಾಳಿ ಮೇಲೇರುತ್ತ ಆ ಸಂದುಗಳಲ್ಲಿ ನುಸುಳಿ ಹೆಂಚಿನ ಕಿಂಡಿಗಳಿಂದ ಹೊರಬೀಳುತ್ತಿತ್ತು. ಅಂಕಣದ ಲೆಕ್ಕಕ್ಕೆ ಬಾರದ ತೊಟ್ಟಿ ಆ ಮನೆಯ ಆದಾಯಕ್ಕೆ ಉಸಿರಾಗಿತ್ತೆಂದರೆ ಅತಿಶಯೋಕ್ತಿಯಲ್ಲ. ಅದನ್ನು ಮುಚ್ಚಿದ ಮನೆಯಲ್ಲಿ ಕೊಬ್ಬರಿ ಬೂಷ್ಟು ಹಿಡಿಯುವುದನ್ನು ಕಂಡವರುಂಟು.

ಗುಬ್ಬಿ ಎಂಬ ಹೆಸರಿಗೆ, ದಿನವೂ ಪುರಾಣವನ್ನು ಕೇಳಲು ಬಂದು ಕುಳಿತಿರುತ್ತಿದ್ದ ಎರಡು ಗುಬ್ಬಿಗಳ ಐತಿಹ್ಯವನ್ನು ಊರಿನವರು ಹೇಳುತ್ತಾರೆ. ಪುರಾಣ ಮುಗಿದ ದಿನ ಅವೂ ಪ್ರಾಣ ಬಿಟ್ಟವಂತೆ. ಪುರಾಣಶ್ರವಣ ನಡೆಯುತ್ತಿದ್ದ ಪಡಸಾಲೆಗಳನ್ನು ಕಂಡವರಿಗೆ ಇದು ಅಸಂಭಾವ್ಯವೆನಿಸದು. ತೊಟ್ಟಿಯ ಸೂರು, ಗೋಡೆಗೆ ಓರೆಯಾಗಿ ತೂಗಿದ ಪಟಗಳ ಹಿಂಬದಿ, ಬೋದಿಗೆಯ ಸಂದು, ಇವೆಲ್ಲ ಗುಬ್ಬಚ್ಚಿಯ ಹಕ್ಕಿನ ಮನೆಗಳೇ ಆಗಿದ್ದುವು. ಗೃಹಿಣಿ ಮೊರದಲ್ಲಿ ಅಕ್ಕಿ ಕೇರುವಾಗ ಚೆಲ್ಲಿದ ನುಚ್ಚು ಅವುಗಳ ಪಾಲು. ಇದೇ ಗುಬ್ಬಿಯಲ್ಲಿ 1838ರಲ್ಲಿ ಜನಿಸಿ, ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರ ನಡೆಸಿ ಧನವಂತರಾದ ತೋಟದಪ್ಪನವರು, ತಮ್ಮ ಸಂಪತ್ತಿನಿಂದ ರೈಲು ನಿಲ್ದಾಣದ ಎದುರಿಗೆ ಕಟ್ಟಿಸಿದ್ದು ತಮ್ಮ ಹೆಸರಿನ ಮಹಲನ್ನಲ್ಲ, ಪರವೂರಿನವರು ಇಳಿದುಕೊಳ್ಳುವ ಛತ್ರವನ್ನು; ಅದು 1903ರಲ್ಲಿ ತೆರೆಯಿತು. ರೈಲು ತುಮಕೂರಿಗೆ ಬಂದ 1884ರಲ್ಲಿಯೇ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದನ್ನೂ ಇಲ್ಲಿ ನೆನೆಯಬೇಕು. ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ಆ ಕಂಪನಿ ಪರದೆಯ ಮೇಲೆ ಅರಮನೆಗಳನ್ನು ಬರೆಸಿ ಊರೂರು ತಿರುಗುತ್ತಿದ್ದಾಗ, ಅದನ್ನು ಪೋಷಿಸಿದ ಊರು ಕೊಬ್ಬರಿಯ ಅಟ್ಟದ ಕೆಳಗೆ ಮಲಗುತ್ತಿತ್ತು.

ಕುಣಿಗಲ್ಲಿನ ಮನೆಗಳು ಬೇರೆ ಬಗೆಯವು. ಜನಪದದ ಹಾಡಿನಲ್ಲಿ ಕೀರ್ತಿಗೊಂಡ ದೊಡ್ಡ ಕೆರೆಯೂ, ಟಿಪ್ಪುವಿನ ಕಾಲದಿಂದ ಬಂದ ಕುದುರೆ ಫಾರಮ್ಮೂ ಆ ಊರಿನ ಎರಡು ಕಣ್ಣುಗಳು. ರೈಲು ಅಲ್ಲಿಗೆ ಬಂದದ್ದು ತೀರ ಈಚೆಗೆ, ಬೆಂಗಳೂರು–ಹಾಸನ ಮಾರ್ಗ ತೆರೆದ 2017ರಲ್ಲಿ. ಅದಕ್ಕೆ ಮುಂಚೆ ಎಲ್ಲವೂ ರಸ್ತೆಯ ಮೇಲೆಯೇ ಬರಬೇಕಾಗಿತ್ತು. ಕೆರೆಯ ಮಣ್ಣು, ಸುತ್ತಣ ಬಂಡೆಯ ಕಲ್ಲು, ಊರ ಕುಂಬಾರನ ಹೆಂಚು, ಹಳೆಯ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಇವೇ. ಅಲ್ಲಿ ಕಡೆದ ಮರದ ಕಂಬಕ್ಕಿಂತ ಒರಟು ಕಲ್ಲಿನ ಕಂಬವೇ ನನ್ನ ಕಣ್ಣಿಗೆ ಹೆಚ್ಚಾಗಿ ಬಿದ್ದಿದೆ. ಕೆಲವು ಮನೆಗಳಲ್ಲಿ ತೊಟ್ಟಿಯೇ ಎತ್ತು ಕರುಗಳನ್ನು ಕಟ್ಟುವ ಎಡೆಯಾಗಿತ್ತು. ಕಲ್ಲಿನ ಮಾತು ಬಂದುದರಿಂದ ಹೇಳುತ್ತೇನೆ: ಶ್ರೀರಂಗಪಟ್ಟಣದ ಗುಂಬಜಿನ ನುಣುಪಾದ ಕರಿಗಂಬಗಳಿಗೆ ಶಿಲೆಯನ್ನು ಒದಗಿಸಿದ್ದು ಇದೇ ಜಿಲ್ಲೆಯ ತುರುವೇಕೆರೆಯ ಸಮೀಪದ ಗುಡ್ಡವೆಂದು ಗೆಜೆಟಿಯರಿನ ಹೇಳಿಕೆ.

ಈ ಎಲ್ಲ ಮನೆಗಳನ್ನೂ ಹಿಡಿದು ನಿಲ್ಲಿಸಿದ್ದು ಸುಣ್ಣ. ಸುಟ್ಟ ಸುಣ್ಣವನ್ನೂ ಮರಳನ್ನೂ ವರ್ತುಲಾಕಾರದ ಕಲ್ಲಿನ ಕಾಲುವೆಗೆ ಸುರಿದು, ಎತ್ತು ಎಳೆಯುವ ಕಲ್ಲಿನ ಗಾಲಿಯ ಕೆಳಗೆ ಗಾಣದಂತೆ ಅರೆದು, ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಕೂಡಿಸಿ, ದಿನಗಟ್ಟಲೆ ಕೊಳೆಹಾಕಿ ತೆಗೆದ ಗಾರೆ ಬೆಣ್ಣೆಯಂತಿರುತ್ತಿತ್ತು. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವವನ್ನು ಕುಡಿದು ಬೇಸಗೆಯಲ್ಲಿ ಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ಅಡ್ಡಿಮಾಡದು. 1960ರ ದಶಕದಲ್ಲಿ, ಗುಬ್ಬಿಯಿಂದ ತಿಪಟೂರಿಗೆ ಹೋಗುವ ರೈಲುದಾರಿಯ ಅಮ್ಮಸಂದ್ರದಲ್ಲಿ ಮೈಸೂರು ಸಿಮೆಂಟ್ಸ್ ಕಾರ್ಖಾನೆಯು ಸಿಮೆಂಟನ್ನು ಉತ್ಪಾದಿಸತೊಡಗಿದ ಮೇಲೆ, ಸುಣ್ಣ ಅರೆಯುವ ತಾಳ್ಮೆ ಯಾರಿಗೂ ಉಳಿಯಲಿಲ್ಲ. ಸಿಮೆಂಟಿನಿಂದ ಆದ ಉಪಕಾರವನ್ನು ನಾನು ಅಲ್ಲಗಳೆಯಲಾರೆ. ಸೋರುವ ಮಾಡಿನಡಿಯಲ್ಲಿ ಮಳೆಗಾಲದ ರಾತ್ರಿಗಳನ್ನು ಪಾತ್ರೆ ಹಿಡಿದು ಕಳೆದ ತಾಯಂದಿರಿಗೆ ತಾರಸಿಯೊಂದು ವರವೇ ಆಗಿ ಬಂದಿತು. ಆದರೆ ಹಳೆಯ ಮಣ್ಣಿನ ಗೋಡೆಗೆ ಸಿಮೆಂಟಿನ ಲೇಪ ಬಳಿದುದು ಮಾತ್ರ ದೊಡ್ಡ ಪ್ರಮಾದ. ಒಳಗಿನ ತೇವ ಹೊರಬರಲಾರದೆ ಗೋಡೆಯೊಳಗೇ ತಂಗಿತು. ಹೊರಗೆ ಗಟ್ಟಿಯಾಗಿ ಕಂಡ ಗೋಡೆ ಒಳಗೆ ಪುಡಿಯಾಯಿತು. ಗೋಡೆಯಲ್ಲಿ ಹುದುಗಿದ್ದ ತೊಲೆಯ ತುದಿಗಳು ಕೊಳೆತುವು.

ತುಮಕೂರಿನಲ್ಲಿ ನಾನು ನೋಡಿದ ತೊಟ್ಟಿಮನೆಯಲ್ಲಿ ನಡೆದ ಕೆಲಸದ ಬಹುಭಾಗ ಇಂಥ ಉಪಕಾರಗಳನ್ನು ಕಿತ್ತುಹಾಕುವುದೇ ಆಗಿತ್ತಂತೆ. ದೇವಾಲಯವನ್ನು ಸರಿಪಡಿಸಿದರೆ ಜೀರ್ಣೋದ್ಧಾರವೆನ್ನುತ್ತೇವೆ, ಅದಕ್ಕೆ ಶಾಸನವನ್ನು ಹಾಕಿಸುತ್ತೇವೆ. ಮನೆಯನ್ನು ಸರಿಪಡಿಸಿದರೆ ಅದು ಬರಿಯ ರಿಪೇರಿ. ಆದರೆ ಇಲ್ಲಿ ನಡೆದುದಕ್ಕೆ ಮೊದಲನೆಯ ಹೆಸರೇ ಸಲ್ಲುತ್ತದೆ. ಗೋಡೆಯ ಸಿಮೆಂಟನ್ನು ಉಳಿಯಿಂದ ಕೆತ್ತಿ ತೆಗೆದು, ಗೋಡೆಗಳನ್ನು ಒಂದು ಬೇಸಗೆ ಪೂರ್ತಿ ಬರಿಮೈಯಲ್ಲಿ ಒಣಗಲು ಬಿಟ್ಟರು. ಕೊಳೆತ ತೊಲೆಯನ್ನು ಇಡಿಯಾಗಿ ಬದಲಾಯಿಸದೆ, ಕೆಟ್ಟ ತುದಿಯನ್ನಷ್ಟೇ ಕೊಯ್ದು, ಕೆಡವಿದ ಬೇರೊಂದು ಮನೆಯ ಹೊನ್ನೆಯ ತುಂಡನ್ನು ಕಚ್ಚುಹಾಕಿ ಕೂಡಿಸಿದರು. ಬೆಸುಗೆಯನ್ನು ಬಣ್ಣದಿಂದ ಮರೆಮಾಡದೆ ಕಾಣುವಂತೆಯೇ ಬಿಟ್ಟಿದ್ದಾರೆ, ಅದು ನನಗೆ ಬಹಳ ಮೆಚ್ಚಿಗೆಯಾಯಿತು. ಎಲ್ಲಕ್ಕಿಂತ ಹೆಚ್ಚಿನ ಶ್ರಮ ತೆಗೆದುಕೊಂಡದ್ದು ತೊಟ್ಟಿಯ ಮೋರಿ. ಯಾವಾಗಲೋ ಯಾರೋ ಅದರ ಬಾಯಿಗೆ ಸಿಮೆಂಟು ತುಂಬಿ, ತೊಟ್ಟಿಯ ಮೇಲೆ ತಗಡು ಹೊದಿಸಿಬಿಟ್ಟಿದ್ದರು. ಚಪ್ಪಡಿಗಳನ್ನು ಎಬ್ಬಿಸಿ ಹುಡುಕಿದಾಗ, ನಡುಮನೆಯ ನೆಲದಡಿಯಿಂದ, ಹೊಸ್ತಿಲಿನಡಿಯಿಂದ, ಜಗಲಿಯಡಿಯಿಂದ ಬೀದಿಯವರೆಗೆ ಕಲ್ಲಿನ ಕಾಲುವೆಯೊಂದು ಅಖಂಡವಾಗಿ ಸಿಕ್ಕಿತು. ಮಣ್ಣು ತೆಗೆದುದೇ ಅದಕ್ಕೆ ಬೇಕಾಗಿದ್ದ ದುರಸ್ತಿ.

ಇಂಥ ಮನೆಗಳು ಏಕೆ ಇಷ್ಟು ಕಾಲ ಮಾರಾಟಕ್ಕೆ ಬರುತ್ತಿರಲಿಲ್ಲ, ಈಗೇಕೆ ಬರುತ್ತಿವೆ ಎಂಬುದಕ್ಕೂ ಉತ್ತರ ತೊಟ್ಟಿಯಲ್ಲಿಯೇ ಇದೆ. ನಮ್ಮ ಹಳೆಯ ಕ್ರಯಪತ್ರಗಳ ಭಾಷೆ ವಿಜಯನಗರದ ತಾಮ್ರಶಾಸನಗಳಿಂದ ನೇರವಾಗಿ ಇಳಿದು ಬಂದುದು. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ ಎಂದು ಚಕ್ಕುಬಂದಿಯನ್ನು ಹೇಳಿ, ಆ ನಡುವಿನ ಸ್ವತ್ತನ್ನು ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ತೇಜಸ್ಸ್ವಾಮ್ಯಸಹಿತವಾಗಿ ಕೊಟ್ಟಿದ್ದೇನೆಂದು ಬರೆಯುವುದು ಪದ್ಧತಿ. ಹೂತ ಧನ, ಅಡಗಿಸಿಟ್ಟ ವಸ್ತು, ನೀರು, ಕಲ್ಲು, ಈಗಿನ ಫಲ, ಮುಂದಿನ ಫಲ, ಆದದ್ದು, ಆಗಬಹುದಾದದ್ದು: ಎರಡು ಅಂಕಣದ ಮನೆಯನ್ನು ಕೊಳ್ಳುವವನಿಗೂ, ಗ್ರಾಮವನ್ನೇ ದತ್ತಿಯಾಗಿ ಪಡೆದವನಿಗೆ ಅರಸ ಕೊಡುತ್ತಿದ್ದ ಅಧಿಕಾರವನ್ನು ಗುಮಾಸ್ತನ ಲೇಖನಿ ಕೊಡುತ್ತಿತ್ತು. ಅದನ್ನು ಓದುವಾಗ ನನಗೆ ಈಗಲೂ ರೋಮಾಂಚವಾಗುತ್ತದೆ.

ಆದರೆ ವಿಕ್ರಯಕ್ಕೆ ಮೊದಲು ವಿಭಾಗವಾಗಬೇಕಷ್ಟೆ. ಅಣ್ಣತಮ್ಮಂದಿರ ಪಾಲುಪಟ್ಟಿಗಳಲ್ಲಿ ಅಂಕಣಗಳನ್ನು ಹಂಚುತ್ತಿದ್ದರು: ಹಿರಿಯನಿಗೆ ಮೂಡಣ ಆರಂಕಣ, ಎರಡನೆಯವನಿಗೆ ಪಡುವಣ ಆರಂಕಣ, ಕಿರಿಯನಿಗೆ ಹಿಂದಿನ ಆರಂಕಣ. ಬಾವಿ, ಹಿತ್ತಿಲ ದಾರಿ, ತೊಟ್ಟಿ, ಇವು ಮಾತ್ರ ಎಲ್ಲರಿಗೂ ಉಮ್ಮಡಿ. ಅಂಕಣವೇ ಅಲ್ಲದ್ದನ್ನು ಯಾರಿಗೆ ಹೇಗೆ ಹಂಚುವುದು? ಒಬ್ಬನು ತನ್ನ ಭಾಗವನ್ನು ಮಾರಬೇಕೆಂದರೆ ಕೊಳ್ಳುವವನು ಎಲ್ಲರ ಉಮ್ಮಡಿಯನ್ನು ಹಾಯ್ದು ಒಳಬರಬೇಕು. ಆದುದರಿಂದ ಹೊರಗಿನವನು ಕೊಳ್ಳಲು ಅಂಜುತ್ತಿದ್ದ. ಇಡಿಯಾಗಿ ಮಾರಬೇಕೆಂದರೆ ಎಲ್ಲರ ರುಜುವೂ ಬೇಕು. ಆ ಎಲ್ಲರಲ್ಲಿ ಕ್ರಮೇಣ ಹೆಣ್ಣುಮಕ್ಕಳೂ ಸೇರಿದರು. ಮೈಸೂರು ಸಂಸ್ಥಾನವು ಬಹು ಮುಂದಾಲೋಚನೆಯಿಂದ 1933ರಲ್ಲಿಯೇ ಹಿಂದೂ ಸ್ತ್ರೀಯರಿಗೆ ವಿಭಾಗದಲ್ಲಿ ಹಕ್ಕನ್ನು ವಿಧಿಸುವ ಶಾಸನವನ್ನು ಮಾಡಿತು. 1956ರಲ್ಲಿ ಹಿಂದೂ ಉತ್ತರಾಧಿಕಾರದ ಕಾಯಿದೆ ಬಂದಿತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕರ್ನಾಟಕವು 1994ರಲ್ಲಿಯೂ, ಇಡೀ ದೇಶವು 2005ರಲ್ಲಿಯೂ ಒಪ್ಪಿಕೊಂಡವು. ಇದು ನ್ಯಾಯವಾದದ್ದು, ಆ ತೊಟ್ಟಿಯ ಕಲ್ಲನ್ನು ಹೆಚ್ಚು ಬಾರಿ ತೊಳೆದವರು, ಅದಕ್ಕೆ ದಿನವೂ ರಂಗವಲ್ಲಿಯನ್ನಿಟ್ಟವರು ಆ ಮನೆಯ ಹೆಣ್ಣುಮಕ್ಕಳೇ. ಈ ಮನೆಯ ಪತ್ರಕ್ಕೆ ಹನ್ನೊಂದು ಮಂದಿಯ ರುಜು ಬೇಕಾಯಿತೆಂದು ವೃದ್ಧರು ಹೇಳಿದರು. ಅವರಲ್ಲಿ ಇಬ್ಬರು ಪರದೇಶದಲ್ಲಿದ್ದರು. ಒಬ್ಬ ಸೋದರಿ ರುಜು ಹಾಕುವ ಮೊದಲು ಮನೆಯನ್ನೊಮ್ಮೆ ನೋಡಬೇಕೆಂದು ಬಂದು, ಆಗ ಇನ್ನೂ ತಗಡು ಹೊದ್ದಿದ್ದ ತೊಟ್ಟಿಯ ಅಂಚಿನಲ್ಲಿ ಒಂದು ಸಂಜೆ ಪೂರ್ತಿ ಕುಳಿತಿದ್ದು ಹೋದರಂತೆ. ಹಾಗೆ ಕೊಂಡವರು ಅದನ್ನು ಉದ್ಧರಿಸಿ, ಕಾರಣಾಂತರದಿಂದ ಈಗ ಮತ್ತೆ ಮಾರಲು ಹೊರಟಿದ್ದಾರೆ.

ಕೊಳ್ಳುವವರು ಯಾರೇ ಆಗಲಿ, ತೊಟ್ಟಿಗೆ ಗಾಜನ್ನು ಹಾಕಿಸಬಾರದೆಂದು ನಾನು ದಲ್ಲಾಳಿಗಳಿಗೆ ಹೇಳಿದೆ. ಹೇಳಲು ನನಗೆ ಅಧಿಕಾರವಿರಲಿಲ್ಲ, ಆದರೂ ಹೇಳದೆ ಇರಲಾಗಲಿಲ್ಲ. ಅವರು ಬೇಸರಿಸದೆ, “ನೋಡೋಣ ಸ್ವಾಮಿ, ಕೊಳ್ಳೋರ ಇಷ್ಟ” ಎಂದು ಟೇಪನ್ನು ಬಿಚ್ಚಿ, ಒಂದು ತುದಿಯನ್ನು ನನ್ನ ಕೈಗಿತ್ತು, ತೊಟ್ಟಿಯ ಆಚೆಯ ಅಂಚಿಗೆ ನಡೆದರು. ಅಷ್ಟರಲ್ಲಿ ದೇವರಾಯನದುರ್ಗದ ಕಡೆಯಿಂದ ಕಪ್ಪಾಗುತ್ತ ಬಂದಿದ್ದ ಮೋಡ ಒಮ್ಮೆಗೇ ಸುರಿಯತೊಡಗಿತು. ನಾಲ್ಕು ಸೂರುಗಳಿಂದಲೂ ನೀರು ಹಗ್ಗ ಹಗ್ಗವಾಗಿ ಇಳಿದು, ಚಪ್ಪಡಿಯ ಮೇಲೆ ಕ್ಷಣಕಾಲ ನಿಂತು, ಆಮೇಲೆ ಮೋರಿಯ ಬಾಯಿಯ ಸುತ್ತ ಸುಳಿಗೊಂಡು ಒಳಗಿಳಿಯಿತು. ವೃದ್ಧರು ಸರಸರನೆ ಬಾಗಿಲ ಕಡೆಗೆ ಹೋಗಿ, ಜಗಲಿಯ ಅಂಚಿನಿಂದ ಬೀದಿಗೆ ಬಗ್ಗಿ ನೋಡಿ, “ಬಂತು, ಬಂತು, ಈ ಕಡೆ ಬಂತು” ಎಂದು ಕೂಗಿದರು. ದಲ್ಲಾಳಿಗಳು ಟೇಪನ್ನು ಸುತ್ತಿ ಜೇಬಿಗಿಟ್ಟುಕೊಂಡು, ಅದನ್ನು ನೋಡಲು ಅವರ ಬಳಿಗೆ ಹೋದರು.